ಮಗು ಅಂಗಾತ ಮಲಗಲಿ, ನೀವೂ ಮಲಗಿ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಮಗುವಿಗೆ ಎರಡು ತಿಂಗಳು. ಕಳೆದ ವರ್ಷ ಅಕ್ಕನ ಮಗು ಮೂರು ತಿಂಗಳಲ್ಲಿ ನಿದ್ದೆಯಲ್ಲೇ ಹೋಯಿತು. ಮರಣೋತ್ತರ ಪರೀಕ್ಷೆಯಲ್ಲೂ ಕಾರಣ ಸಿಗಲಿಲ್ಲ. ಅಕ್ಕ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ನೆಂಟರು ಆಡಿಕೊಳ್ಳುತ್ತಾರೆ. ನಾನು ರಾತ್ರಿಯಿಡೀ ಮಗುವಿನ ಮೂಗಿನ ಬಳಿ ಬೆರಳಿಟ್ಟು ಕೂರುತ್ತೇನೆ. ಕವುಚಿ ಹಾಕಿದರೆ ಒಳ್ಳೆ ನಿದ್ದೆ, ಹಾಲು ಕಾರಿದರೂ ಗಂಟಲಿಗೆ ಸಿಕ್ಕುವುದಿಲ್ಲ ಎನ್ನುತ್ತಾರೆ ಅತ್ತೆ. ಅವರ ಮಾತು ಮೀರುವುದು ಹೇಗೆ?

ಉತ್ತರ: ಕವುಚಿದ ಮಗು ಹೆಚ್ಚು ನಿದ್ದೆ ಮಾಡುತ್ತದೆ ಎಂದು ಅತ್ತೆ ಕಂಡದ್ದು ನಿಜ. ಅಪಾಯ ಇರುವುದೂ ಅಲ್ಲೇ. ಮೂಗು ಹಾಸಿಗೆಗೆ ಒತ್ತಿಕೊಂಡರೆ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆಗ ಉಸಿರಾಟವನ್ನು ನೋಡಿಕೊಳ್ಳುವ ಮಿದುಳಿನ ಕಾಂಡ (ಮಿದುಳಿನ ಬುಡದ ಭಾಗ) ಮಗುವನ್ನು ಎಬ್ಬಿಸಬೇಕು, ಮಗು ತಲೆ ಹೊರಳಿಸಿ ಅಳಬೇಕು. ಅಕ್ಕನ ಮಗುವಿನಂತೆ ಕಾರಣ ಸಿಗದೆ ನಿದ್ದೆಯಲ್ಲೇ ತೀರಿಕೊಂಡ ಹಲವು ಶಿಶುಗಳಲ್ಲಿ ಈ ಎಬ್ಬಿಸುವ ಕೆಲಸಕ್ಕೆ ಬೇಕಾದ ಸೆರಟೋನಿನ್ ಎಂಬ ಮಿದುಳಿನ ರಾಸಾಯನಿಕದ ವ್ಯವಸ್ಥೆಯಲ್ಲೇ ದೋಷ ಕಂಡಿದೆ. ಯಾವ ಮಗುವಿಗೆ ಆ ದೋಷವಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. 2ರಿಂದ 4 ತಿಂಗಳ ನಡುವೆ ಅಪಾಯ ಹೆಚ್ಚು.

ಹಾಲಿನ ಭಯ ಬೇಡ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಾರಿದ ಹಾಲು ಮೇಲೇರಿ ಶ್ವಾಸನಾಳ ಸೇರುವುದು ಕಷ್ಟ. ಕವುಚಿದರೆ ಇದು ತಿರುವುಮುರುವು.

ಒಂದು ವರ್ಷದ ತನಕ, ಹಗಲಿನ ಸಣ್ಣ ನಿದ್ದೆಗೂ ಅಂಗಾತವೇ ಮಲಗಿಸಿ. ಮಗ್ಗುಲಾಗಿ ಬೇಡ, ಅಲ್ಲಿಂದ ಕವುಚಿಬಿಡುವುದು ಸುಲಭ. ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆ. ಅದು ಗಟ್ಟಿಯಾಗಿ, ಸಮತಟ್ಟಾಗಿರಲಿ. ಸಾಸಿವೆ ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಇರಬಾರದು. ಸೀರೆಯ ಜೋಳಿಗೆಯಲ್ಲಿ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳಬಹುದು. ಅಲ್ಲಿ ನಿದ್ದೆಹೋದರೆ ಎತ್ತಿ ಹಾಸಿಗೆಯಲ್ಲಿ ಮಲಗಿಸಿ. ಮಳೆಗಾಲವೆಂದು ಮಲಗುವಾಗ ಟೊಪ್ಪಿ ಬೇಡ, ಮೈ ಬಿಸಿಯೇರುತ್ತದೆ. ಮನೆಯೊಳಗೆ ಯಾರೂ ಬೀಡಿ ಸೇದಬಾರದು, ಇದರಲ್ಲಿ ದಾಕ್ಷಿಣ್ಯ ಮಾಡಬೇಡಿ.

10ನೇ ವಾರದ ಚುಚ್ಚುಮದ್ದಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರೆದುರೇ ಡಾಕ್ಟರಲ್ಲಿ ಕೇಳಿ. ಮಗು ಎಚ್ಚರವಿರುವಾಗ ಚಾಪೆಯ ಮೇಲೆ ಕವುಚಿ ಆಡಿಸುವ ಕೆಲಸ ಅವರಿಗೇ ಬಿಡಿ. ಕುತ್ತಿಗೆ ಬಲಿಯುತ್ತದೆ, ತಲೆ ಚಪ್ಪಟೆಯಾಗುವುದೂ ತಪ್ಪುತ್ತದೆ.

ಬೆರಳಿಟ್ಟು ಕಾಯುವುದನ್ನು ದಯವಿಟ್ಟು ನಿಲ್ಲಿಸಿ. ಬಳಲಿದ ತಾಯಿ ಮಗುವನ್ನು ಎತ್ತಿಕೊಂಡೇ ಸೋಫಾದಲ್ಲಿ ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯದ್ದು. ಇನ್ನು ಅಕ್ಕನ ವಿಷಯ: ಈ ಸಾವಿಗೆ ಸದ್ದಿಲ್ಲ, ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಆಡಿಕೊಳ್ಳುವವರ ಮುಖಕ್ಕೇ ಇದನ್ನು ಹೇಳಿ. ಮಗು ಮಲಗಿದ ಮೇಲೂ ನಿಮಗೆ ನಿದ್ದೆ ಬಾರದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ, ಅದು ಉಚಿತ. ಅಕ್ಕನಿಗೂ ಆ ನಂಬರ್ ಕೊಡಿ.