ಜಿಐ ಪೈಪ್ ಹೊಗೆಗೆ ಹಾಲು ಮದ್ದಲ್ಲ

ಪ್ರಶ್ನೆ: ಗ್ರಿಲ್ ಕೆಲಸ ಮಾಡುತ್ತೇನೆ. ಜಿಐ ಪೈಪ್ ವೆಲ್ಡಿಂಗ್ ಮಾಡಿದ ದಿನ ರಾತ್ರಿ ಚಳಿಜ್ವರ ಬರುತ್ತದೆ. ಮೊದಲೇ ಹಾಲು ಕುಡಿದರೆ ಏನೂ ಆಗಲ್ಲ ಅಂತಾರೆ. ಎಷ್ಟು ಕುಡಿಯಬೇಕು?

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಕೇಳೋದು 'ಎಷ್ಟು' ಅಂತಲೇ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಅದು ಇದನ್ನು ತಡೆಯುವುದು ಹೇಗೆ? ಬೆಲ್ಲ, ಬಾಳೆಹಣ್ಣಿಗೂ ಇದೇ ಮಾತು. ಹಾಲು ಬೇಡ ಅನ್ನಲ್ಲ. ಅದನ್ನು ನಂಬಿ ಷಟರ್ ಅರ್ಧ ಎಳೆದುಕೊಂಡು ಕೆಲಸಕ್ಕೆ ಕೂರಬೇಡಿ.

ಜಿಐ ಅಂದರೆ ಉಕ್ಕಿನ ಮೇಲೆ ಸತುವಿನ ಲೇಪ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಹಾಗಾಗಿ ಬೆಸುಗೆ ಕೂಡುವ ಮೊದಲೇ ಸತು ಉರಿದು ಬಿಳಿ ಹೊಗೆಯಾಗುತ್ತದೆ. ಒಂದು ಶೆಡ್ಡಿನಲ್ಲಿ ಕೆಲಸದ ಹುಡುಗನ ಹುಬ್ಬಿನ ಮೇಲೆ, ತೋಳಿನ ಕೂದಲ ಮೇಲೆ ಬಿಳಿ ಎಳೆಗಳು ಕೂತಿದ್ದನ್ನು ನೋಡಿದ್ದೇನೆ, ಬೂರುಗದ ಹತ್ತಿಯ ಹಾಗೆ. ಅದು ಜಿಂಕ್ ಆಕ್ಸೈಡ್. ಎದೆಗೆ ಇಳಿಯುವ ಕಣ ಅದಕ್ಕಿಂತ ಎಷ್ಟೋ ಸಣ್ಣದು. ಅವನು ಮೂಗಿಗೆ ಕಟ್ಟಿದ್ದು ಕರ್ಚೀಫು. ಅದು ಏನನ್ನೂ ತಡೆಯುತ್ತಿರಲಿಲ್ಲ.

ಹೊಗೆ ಕುಡಿದ ಕೆಲವು ಗಂಟೆಗಳ ಮೇಲೆ ಬಾಯಲ್ಲಿ ಲೋಹದ ರುಚಿ, ಬಾಯಾರಿಕೆ, ಮೈಕೈ ನೋವು, ನಡುಕ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತದೆ. ಹೆಸರು ಹಾಲಿಗೆ ಬರುತ್ತದೆ! ದಿನಾ ಹೊಗೆ ಕುಡಿದರೆ ಮೈ ಸ್ವಲ್ಪ ಒಗ್ಗಿಕೊಳ್ಳುತ್ತದೆ, ಒಂದು ರಜೆ ಕಳೆದರೆ ಅದೂ ಹೋಗುತ್ತದೆ. ಸೋಮವಾರವೇ ಜ್ವರ ಜಾಸ್ತಿ ಅನ್ನುವುದು ಇದಕ್ಕೇ.

ಬೆಸುಗೆ ಹಾಕುವ ಜಾಗದ ಎರಡೂ ಕಡೆ ಎರಡೆರಡು ಇಂಚು ಲೇಪವನ್ನು ಗ್ರೈಂಡರಿನಿಂದ ತೆಗೆಯಿರಿ. ಆಸಿಡ್ ಹಾಕಿ ತೆಗೆಯುವ ಸಾಹಸ ಬೇಡ. ಬಯಲಿನಲ್ಲಿ ಕೆಲಸ ಮಾಡಿ. ಹೊಗೆ ನಿಮ್ಮ ಮುಖ ದಾಟಿ ಹೋಗದ ಹಾಗೆ ಗಾಳಿಯ ದಿಕ್ಕು ನೋಡಿ ಕೂರಿ. ವೆಲ್ಡಿಂಗ್ ಹೊಗೆಗೆಂದೇ ಬರುವ ಫಿಲ್ಟರ್ ಮಾಸ್ಕ್ ಹಾಕಿ.

ಉಸಿರು ಕಟ್ಟಿದರೆ, ಎದೆ ಬಿಗಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. 'ಜಿಐ ವೆಲ್ಡಿಂಗ್ ಮಾಡಿದ್ದೆ' ಎಂದು ಡಾಕ್ಟರಿಗೆ ನೀವೇ ಹೇಳಿ. ಹಳೆಯ ಬೋಲ್ಟುಗಳ ಲೇಪ ಕೆಲವೊಮ್ಮೆ ಕ್ಯಾಡ್ಮಿಯಂ ಎಂಬ ವಿಷಲೋಹದ್ದಾಗಿರುತ್ತದೆ. ಅದರ ಹೊಗೆಯ ಜ್ವರವೂ ಶುರುವಿನಲ್ಲಿ ಹೀಗೇ ಕಾಣುತ್ತದೆ, ಆಮೇಲೆ ಜೀವವನ್ನೇ ತೆಗೆಯಬಹುದು. ಯಾವ ಲೇಪ ಎಂದು ಗೊತ್ತಿಲ್ಲದ ಗುಜರಿಗೆ ಕೈ ಹಾಕಬೇಡಿ.

ಪ್ರಶ್ನೆ: ಜಿಐ ಬಕೆಟ್‌ನಲ್ಲಿ ಮಜ್ಜಿಗೆ, ಪಾನಕ ಮಾಡಬಹುದೇ?

ಬೇಡವೇ ಬೇಡ. ಹುಳಿಗೆ ಸತು ಕರಗುತ್ತದೆ, ಕುಡಿದವರಿಗೆ ವಾಂತಿಯಾಗುತ್ತದೆ. ಜಾತ್ರೆ, ಮದುವೆಗೆ ಸ್ಟೀಲ್ ಪಾತ್ರೆ ತನ್ನಿ.

ಪ್ರಶ್ನೆ: ಸತುವಿನ ಉಂಗುರ ಹಾಕಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದಂತೆ?

ಸುಳ್ಳು. ಮೈಗೆ ಬೇಕಾದ ಸತು ಕಾಳು, ಎಳ್ಳು, ಮಾಂಸದಲ್ಲಿದೆ. ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಜಿಐ ಗೇಟಿಗೆ ಬೆಸುಗೆ ಜಾಗದಲ್ಲೇ ಮೊದಲು ತುಕ್ಕು ಯಾಕೆ?

ಅಲ್ಲಿ ಸತು ಉರಿದುಹೋಗಿರುತ್ತದೆ, ಅಲ್ವಾ? ಸಣ್ಣ ಗೀರಾದರೆ ಪಕ್ಕದ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಇಂಚುಗಟ್ಟಲೆ ಬೋಳಾದರೆ ಅದಕ್ಕೂ ಆಗುವುದಿಲ್ಲ. ವೈರ್ ಬ್ರಷ್‌ನಿಂದ ಉಜ್ಜಿ, ಸತುವಿನ ಪುಡಿ ಜಾಸ್ತಿ ಇರುವ ಪ್ರೈಮರ್ ಎರಡು ಕೋಟ್ ಹೊಡೆಯಿರಿ. ಬಣ್ಣ ಒಂದೇ ಥರ ಕಾಣುತ್ತದೆ ಅಂತ ಸಿಲ್ವರ್ ಪೇಂಟ್ ಬಳಿಯಬೇಡಿ, ಅದರಲ್ಲಿರುವುದು ಅಲ್ಯೂಮಿನಿಯಂ.