ಕ್ರೋನ್ಸ್ ಕಾಯಿಲೆ ಇಟ್ಟುಕೊಂಡು ಹೊಸ ಊರಲ್ಲಿ ಹೊಸ ಕೆಲಸ ಶುರು ಮಾಡೋದು ಹೇಗೆ?

ಕ್ರೋನ್ಸ್ (ಕರುಳಿನಲ್ಲಿ ಉರಿಯೂತ ಬರುವ ದೀರ್ಘಕಾಲದ ಕಾಯಿಲೆ) ಇದೆ ಅಂತ ಗೊತ್ತಾಗಿ ವರ್ಷವೂ ಆಗಿಲ್ಲ, ಎರಡು ತಿಂಗಳಲ್ಲಿ ಬೇರೆ ಊರಿಗೆ ಹೋಗಿ ಕೆಲಸಕ್ಕೆ ಸೇರಬೇಕು, ಆಫೀಸಿನಲ್ಲಿ ಯಾರಿಗೆ ಎಷ್ಟು ಹೇಳಲಿ ಅಂತ ಕೇಳಿದ್ದೀರಿ. ಹೇಳುವ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಈಗ ನಿಮ್ಮ ತಲೆಬಿಸಿ ಆಗಬೇಕಾದದ್ದು ಬೇರೆ: ಊರು ಬದಲಾಯಿಸುವ ಗಡಿಬಿಡಿಯಲ್ಲಿ ಒಂದು ಡೋಸ್ ತಪ್ಪುವುದು. ಕೆಲಸದ ಒತ್ತಡವನ್ನು ನೀವು ಪೂರ್ತಿ ತಡೆಯಲಾರಿರಿ, ಇದನ್ನು ತಡೆಯಬಹುದು.

ನೀವು ಯಾವ ಔಷಧಿಯಲ್ಲಿದ್ದೀರಿ ಅಂತ ಬರೆದಿಲ್ಲ, ಹಾಗಾಗಿ ಸಾಮಾನ್ಯವಾದವನ್ನು ಹೇಳುತ್ತೇನೆ. ಇನ್‌ಫ್ಲಿಕ್ಸಿಮ್ಯಾಬ್ (ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸಿ ಉರಿಯೂತ ಇಳಿಸುವ ‘ಬಯಾಲಜಿಕ್’ ಔಷಧಿ) ಆದರೆ 0, 2, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವುದು ವಾಡಿಕೆ. ಆ 8 ವಾರ ಹೊಸ ಊರಲ್ಲಿ 14 ಆಯಿತು ಅಂದರೆ ಬರೀ ಹೊಟ್ಟೆನೋವು ಮರುಕಳಿಸುವುದಲ್ಲ. ಅಂತರ ಹೆಚ್ಚಾದಾಗ ದೇಹ ಆ ಔಷಧಿಯ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಮತ್ತೆ ಶುರು ಮಾಡಿದಾಗ ಅದು ನಾಟದೇ ಹೋಗಬಹುದು, ಡ್ರಿಪ್ ಹಾಕುವಾಗಲೇ ಅಲರ್ಜಿ ಆಗಬಹುದು. ಆದ್ದರಿಂದ ಮನೆ ಹುಡುಕುವ ಮೊದಲು ಡಾಕ್ಟರನ್ನು ಹುಡುಕಿ. ಹೊಸ ಗ್ಯಾಸ್ಟ್ರೋಎಂಟರಾಲಜಿಸ್ಟ್ (ಹೊಟ್ಟೆ, ಕರುಳಿನ ತಜ್ಞ) ಬಳಿ ಸಮಯ ಸಿಗಲು, ವಿಮೆಯ ಅನುಮತಿ ಬರಲು ವಾರಗಳೇ ಹಿಡಿಯಬಹುದು, ಈಗಲೇ ಫೋನ್ ಮಾಡಿ. ಹೊರಡುವ ವಾರದಲ್ಲೇ ಒಂದು ಡೋಸ್ ಬರುವಂತಿದ್ದರೆ ಅದನ್ನು ಹಳೇ ಆಸ್ಪತ್ರೆಯಲ್ಲೇ ಮುಗಿಸಿಕೊಳ್ಳಿ, ಮುಂದಿನದಕ್ಕೆ ಎರಡು ತಿಂಗಳ ಬಿಡುವು ಸಿಗುತ್ತದೆ.

ಹಳೇ ಡಾಕ್ಟರಿಂದ ಬರೀ ಚೀಟಿ ತಂದರೆ ಸಾಲದು. ಕೊಲೊನೋಸ್ಕೋಪಿ ವರದಿ ಫೋಟೋ ಸಮೇತ, ಬಯಾಪ್ಸಿ ವರದಿ, ಸಿಟಿ ಅಥವಾ ಎಂಆರ್ ಸ್ಕ್ಯಾನಿನ ಸಿಡಿ, ಉರಿಯೂತ ಎಷ್ಟಿದೆ ಅಂತ ತೋರಿಸುವ ಕೊನೇ ಸಿಆರ್‌ಪಿ ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅಂಕಿ, ಟಿಬಿ ಹಾಗೂ ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ, ಹಾಕಿಸಿಕೊಂಡ ಲಸಿಕೆಗಳ ಪಟ್ಟಿ, ಕೊನೇ ಡೋಸಿನ ದಿನಾಂಕ ಮತ್ತು ಪ್ರಮಾಣ. ಇದರಲ್ಲಿ ಟಿಬಿ ವರದಿ ಇಲ್ಲದಿದ್ದರೆ ಹೊಸ ಕಡೆ ಪರೀಕ್ಷೆ ಮುಗಿಯುವವರೆಗೂ ಬಯಾಲಜಿಕ್ ಕೊಡದೆ ಕೂರಿಸಬಹುದು. ಔಷಧಿಯ ಹೆಸರನ್ನು ಬ್ರ್ಯಾಂಡಿನಲ್ಲಲ್ಲ, ಮೂಲ ಹೆಸರಿನಲ್ಲೇ ಬರೆಸಿಕೊಳ್ಳಿ.

ಅಡಾಲಿಮುಮ್ಯಾಬ್ (ಮನೆಯಲ್ಲೇ ಚುಚ್ಚಿಕೊಳ್ಳುವ ಬಯಾಲಜಿಕ್) ಪೆನ್ ಬಳಸುವವರಾದರೆ ಸಾಗಾಟವೇ ಒಂದು ಕೆಲಸ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಗಿಂತ ಮೋಸ ಮಾಡುವುದು ಹೆಪ್ಪುಗಟ್ಟಿಸುವ ಚಳಿ. ಕೂಲ್ ಬ್ಯಾಗಿನಲ್ಲಿ ಐಸ್ ಪ್ಯಾಕಿಗೆ ತಾಗಿಸಿ ಇಟ್ಟ ಪೆನ್ ಹೆಪ್ಪುಗಟ್ಟಿ ಮತ್ತೆ ಕರಗಿದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣದಿರಬಹುದು, ಆದರೂ ಅದನ್ನು ಬಳಸುವಂತಿಲ್ಲ. ಪೆನ್ನಿನ ಡಬ್ಬಿಗೂ ಐಸ್ ಪ್ಯಾಕಿಗೂ ನಡುವೆ ಮಡಿಚಿದ ಟವೆಲ್ ಇಡಿ. ಹೊಸ ಮನೆಯ ಫ್ರಿಜ್ಜಿನಲ್ಲಿ ಬಾಗಿಲ ಅರೆಯೂ ಬೇಡ, ಹಿಂದಿನ ಗೋಡೆಗೆ ಒತ್ತಿಯೂ ಬೇಡ; ನಡು ಅರೆಯಲ್ಲಿ, ಬೆಳಕು ಬೀಳದಂತೆ ಅದರದೇ ಡಬ್ಬಿಯಲ್ಲಿ. ಫ್ರಿಜ್ಜು ಹಂಚಿಕೊಳ್ಳುವ ಮನೆಯಾದರೆ ಡಬ್ಬಿಯ ಮೇಲೆ ಹೆಸರು ಬರೆದಿಡಿ, ಒಳ್ಳೇ ಮನಸ್ಸಿನಿಂದಲೇ ಯಾರಾದರೂ ಫ್ರೀಜರಿಗೆ ಸರಿಸಿಬಿಡುತ್ತಾರೆ. ಚುಚ್ಚುವ ದಿನವನ್ನು ವಾರದ ರಜೆಯ ಹಿಂದಿನ ಸಂಜೆಗೆ ಇಟ್ಟುಕೊಂಡರೆ ಮರುದಿನದ ಸುಸ್ತು ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಅಜಥಯೋಪ್ರಿನ್ (ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮಾತ್ರೆ) ಇದ್ದರೆ ರಕ್ತಪರೀಕ್ಷೆ ಬಿಡಬೇಡಿ. ಶುರುವಿನಲ್ಲಿ ಪದೇಪದೇ, ಒಂದು ಹದಕ್ಕೆ ಬಂದ ಮೇಲೆ ಸುಮಾರು 3 ತಿಂಗಳಿಗೊಮ್ಮೆ ಬಿಳಿ ರಕ್ತಕಣ ಮತ್ತು ಲಿವರ್ ನೋಡಲೇಬೇಕು. ಸ್ಟೀರಾಯ್ಡನ್ನು ಕೆಲವು ವಾರಗಳಿಂದ ನುಂಗುತ್ತಿದ್ದರೆ, ಮಾತ್ರೆ ಮುಗಿಯಿತು ಅಂತ ಒಂದೇ ಸಲ ನಿಲ್ಲಿಸಬೇಡಿ. ಅಷ್ಟು ಹೊತ್ತಿಗೆ ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ಆ ಕೆಲಸ ಮರೆತಿರಬಹುದು. ರಕ್ತದೊತ್ತಡ ಕುಸಿದು ಅಪಾಯವಾಗಬಹುದು.

ಇನ್ನು ಬೆಳಗಿನ ಹೊತ್ತು. ಆಹಾರ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚಲಿಸತೊಡಗುತ್ತದೆ, ಇದು ಎಲ್ಲರಿಗೂ ಇರುವ ಪ್ರತಿಕ್ರಿಯೆ, ಉರಿಯೂತ ಇರುವ ಕರುಳಿನಲ್ಲಿ ಅದೇ ಅವಸರವಾಗಿ ತಟ್ಟುತ್ತದೆ. ತಿಂದು ಹತ್ತು ನಿಮಿಷಕ್ಕೆ ಬಸ್ ಹತ್ತಿದರೆ ದಾರಿಯಲ್ಲೇ ಪೇಚು. ತಿಂಡಿಗೂ ಹೊರಡುವುದಕ್ಕೂ ನಡುವೆ ಗಂಟೆಯಿಂದ ಒಂದೂವರೆ ಗಂಟೆ ಬಿಡಿ, ಕಾಫಿಯನ್ನೂ ಆ ಅವಧಿಯೊಳಗೇ ಮುಗಿಸಿ. ಕೆಲಸಕ್ಕೆ ಸೇರುವ ಮುಂಚಿನ ವಾರ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ, ಮಧ್ಯೆ ಎಲ್ಲೆಲ್ಲಿ ಶೌಚಾಲಯ ಇದೆ, ಯಾವುದು ತೆರೆದಿರುತ್ತದೆ ಅಂತ ನೋಡಿಟ್ಟುಕೊಳ್ಳಿ. ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ಗಾಢ ಬಣ್ಣದ ಪ್ಯಾಂಟು, ವಾಸನೆ ಇಲ್ಲದ ಒದ್ದೆ ವೈಪ್ಸ್, ಜಿಪ್ ಚೀಲ, ಜಿಂಕ್ ಆಕ್ಸೈಡ್ ಮುಲಾಮು. ಹೆಚ್ಚಿನ ದಿನ ಅದನ್ನು ತೆರೆಯುವುದೇ ಇಲ್ಲ, ಆದರೆ ಇದೆ ಅನ್ನುವ ಧೈರ್ಯಕ್ಕೇ ಅರ್ಧ ಅವಸರ ಇಳಿಯುತ್ತದೆ.

ಊಟದ ಬಗ್ಗೆ ಎಲ್ಲರಿಗೂ ಒಗ್ಗುವ ಪಟ್ಟಿ ಇಲ್ಲ. ಕರುಳು ಕಿರಿದಾಗಿದೆ, ಅಂದರೆ ಸ್ಟ್ರಿಕ್ಚರ್ ಇದೆ ಅಂತ ಸ್ಕ್ಯಾನ್ ಹೇಳಿದ್ದರೆ ಮಾತ್ರ ಹಸಿ ತರಕಾರಿ, ಹಣ್ಣಿನ ಸಿಪ್ಪೆ, ಇಡೀ ಬೀಜಗಳ ವಿಷಯದಲ್ಲಿ ಬಿಗಿಯಾಗಿರಿ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಸಾರ್ಬಿಟಾಲ್ ಭೇದಿ ಹೆಚ್ಚಿಸಬಲ್ಲದು, ಇದು ತುಂಬ ಜನಕ್ಕೆ ಹೊಳೆಯುವುದಿಲ್ಲ. ತಲೆನೋವಿಗೆ ಸಹೋದ್ಯೋಗಿ ಕೊಟ್ಟ ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು. ಸಿಗರೇಟು ಸೇದುವವರಾದರೆ ಬಿಡಿ, ಕ್ರೋನ್ಸ್ ಅದರಿಂದ ನೇರವಾಗಿ ಉಲ್ಬಣಿಸುತ್ತದೆ.

ಈಗ ನೀವು ಕೇಳಿದ್ದು. ಆಫರ್ ಪತ್ರ ಕೈಗೆ ಬರುವ ಮೊದಲು ನೀವಾಗಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ವಿಮೆಯ ಫಾರಂನಲ್ಲಿ ಮಾತ್ರ ಮುಚ್ಚಿಡಬೇಡಿ, ಮುಂದೆ ಅದೇ ನೆಪದಲ್ಲಿ ಕ್ಲೇಮ್ ತಿರಸ್ಕರಿಸಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಎಷ್ಟು, ಒಂದೇ ದಿನದಲ್ಲಿ ಮುಗಿಯುವ ಡ್ರಿಪ್‌ಗೆ ಹಣ ಕೊಡುತ್ತಾರಾ ಅಂತ ಲಿಖಿತವಾಗಿ ಕೇಳಿ. ಮ್ಯಾನೇಜರಿಗೆ ಹೇಳುವಾಗ ಕಾಯಿಲೆಯ ಪುರಾಣ ಬೇಡ, ನಿಮಗೆ ಬೇಕಾದದ್ದನ್ನಷ್ಟೇ ಹೇಳಿ: “ನನಗೆ ಕರುಳಿನ ದೀರ್ಘಕಾಲದ ಕಾಯಿಲೆ ಇದೆ, ಅಂಟುವಂಥದ್ದಲ್ಲ, ಚಿಕಿತ್ಸೆ ನಡೆದಿದೆ. ಎಂಟು ವಾರಕ್ಕೊಮ್ಮೆ ಒಂದು ದಿನ ಆಸ್ಪತ್ರೆಗೆ ಹೋಗಬೇಕು, ದಿನಾಂಕ ಮೊದಲೇ ತಿಳಿಸುತ್ತೇನೆ. ಕೆಲವೊಮ್ಮೆ ಮೀಟಿಂಗ್ ಮಧ್ಯೆ ಎದ್ದು ಹೋಗಬೇಕಾದೀತು.” ಇದಕ್ಕಿಂತ ಹೆಚ್ಚಿನದು ಅವರಿಗೆ ಬೇಕಿಲ್ಲ. ಮಿಕ್ಕ ಸಹೋದ್ಯೋಗಿಗಳಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ.

ಸಂಜೆಯ ಆಯಾಸವನ್ನು ಸೋಮಾರಿತನ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಸಂಗ್ರಹವಿರುವ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ ನೋಡಿಸಿ. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟಿದ್ದರೆ ಅಥವಾ ಕತ್ತರಿಸಿದ್ದರೆ ಬಿ12 ಹೀರಿಕೊಳ್ಳುವುದೇ ಕಷ್ಟ, ಚುಚ್ಚುಮದ್ದು ಬೇಕಾಗಬಹುದು.

ರಜೆ ಉಳಿಸಲು ಹೋಗಿ ಈ ಕೆಲವನ್ನು ಮಾತ್ರ ತಳ್ಳಿಹಾಕಬೇಡಿ: ಹೊಟ್ಟೆ ಉಬ್ಬಿ, ನೋವು ಅಲೆಅಲೆಯಾಗಿ ಬಂದು, ವಾಂತಿಯಾಗಿ, ಗಾಳಿಯೂ ಹೋಗದಿರುವುದು, 38 ಡಿಗ್ರಿ ಮೇಲಿನ ಜ್ವರದ ಜೊತೆ ಹೊಟ್ಟೆನೋವು, ಗುದದ್ವಾರದ ಬಳಿ ಕೂರಲಾಗದಂತೆ ಮಿಡಿಯುವ ಊತ, ನಿಲ್ಲದ ರಕ್ತ. ಇವುಗಳಲ್ಲಿ ಯಾವುದಾದರೂ ಬಂದರೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನುಂಗಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಸ ಊರಲ್ಲಿ ಒಬ್ಬರೇ ಇರುವುದಾದರೆ ಔಷಧಿಗಳ ಹೆಸರು, ಡಾಕ್ಟರ ನಂಬರು ಬರೆದ ಚೀಟಿ ಪರ್ಸಿನಲ್ಲಿರಲಿ. ಸ್ಟೀರಾಯ್ಡಿನಲ್ಲಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.