ಜೋಜಿಲಾ ಎರಡು ಸಾಲಿಗೆ ಮುಗಿಯುವುದಲ್ಲ

ಮದ್ದೂರಿನ ಗೆಳೆಯರೇ,

ಜನರಲ್ ಕೆ.ಎಸ್. ತಿಮ್ಮಯ್ಯನವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಶ್ರದ್ಧೆಯೂ ಕಾಣುತ್ತದೆ. ಆದರೆ ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಮೈಸೂರು ಬಿಟ್ಟು ಹುಣಸೂರು ದಾಟಿದರೆ ಕೊಡಗು. ನಮ್ಮ ನೆರೆಯ ಮಡಿಕೇರಿಯ ಆ ಮನುಷ್ಯನನ್ನು ಹೊಗಳಿಕೆಯಡಿ ಮುಚ್ಚಿಹಾಕಿದ್ದೀರಿ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ನಾಲ್ಕನೇ ಪುಟ ತೆಗೆಯಿರಿ. ‘ತಿಮ್ಮಯ್ಯನವರು ಸಿಂಹದಂತೆ ಘರ್ಜಿಸುತ್ತ ಜೋಜಿಲಾ ಮೇಲೆರಗಿದರು. ಅವರ ಪರಾಕ್ರಮ ಕಂಡು ವೈರಿಗಳು ತತ್ತರಿಸಿದರು.’ ಕಾಶ್ಮೀರದಿಂದ ಲಡಾಖಿಗೆ ಹೋಗುವ ಆ ಎತ್ತರದ ಕಣಿವೆದಾರಿಯನ್ನು 1948ರಲ್ಲಿ ಪಾಕಿಸ್ತಾನದ ಕಡೆಯವರಿಂದ ಬಿಡಿಸಿಕೊಂಡ ಕಾಳಗದ ಬಗ್ಗೆ ನೀವು ಬರೆದದ್ದು ಇಷ್ಟೇ.

‘ಸಿಂಹದಂತೆ’: ತಿಮ್ಮಯ್ಯನವರ ಹೆಸರು ತೆಗೆದು ಬೇರೆ ಯಾವ ಸೇನಾನಿಯ ಹೆಸರು ಹಾಕಿದರೂ ಇದು ನಡೆಯುತ್ತದೆ. ಹಾಗಾದರೆ ಇದು ಅವರ ಬಗ್ಗೆ ಬರೆದದ್ದಲ್ಲ.

‘ಘರ್ಜಿಸುತ್ತ’: ಇದು ಸುಳ್ಳು. ಅಲ್ಲಿ ಎಲ್ಲವೂ ನಿಂತಿದ್ದದ್ದು ಗುಟ್ಟಿನ ಮೇಲೆ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಮುಸುಕು ಹಾಕಿ, ರಾತ್ರಿ ಹೊತ್ತು ಜಮ್ಮು ಕಡೆಯಿಂದ ಶ್ರೀನಗರಕ್ಕೆ ಸಾಗಿಸಿದರು. ಕಣಿವೆಯ ಬುಡದ ಬಾಲ್ಟಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆ ನಡೆಯುವ ಹಾದಿ. ಅದನ್ನು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ!

‘ಪರಾಕ್ರಮ ಕಂಡು’: ಸೆಪ್ಟೆಂಬರ್‌ನಲ್ಲಿ ಅದೇ ಕಣಿವೆಗೆ ನುಗ್ಗಿದ ಕಾಲಾಳುಗಳಿಗೆ ಪರಾಕ್ರಮ ಕಡಿಮೆಯಿತ್ತೇ? ಬಂಡೆಗಳ ಮರೆಯ ಬಂಕರುಗಳಿಂದ ಗುಂಡು ಸುರಿಯಿತು, ಹಿಂದೆ ಸರಿಯಬೇಕಾಯಿತು. ಹಿಮ ಬಿದ್ದರೆ ಲೇಹ್‌ಗೆ ದಾರಿ ಮುಚ್ಚುತ್ತದೆ. ಆಗ ತಿಮ್ಮಯ್ಯ 11,500 ಅಡಿಗೂ ಮೇಲಿನ ಕಣಿವೆಗೆ ಟ್ಯಾಂಕ್ ಹತ್ತಿಸುವ ತೀರ್ಮಾನ ಮಾಡಿದರು. ನವೆಂಬರ್ 1ರಂದು ಮುಂದಿನ ಟ್ಯಾಂಕಿನಲ್ಲಿ ತಾವೇ ಕೂತರು. ಡಿವಿಷನ್ನಿನ ದಂಡನಾಯಕ ಅಲ್ಲಿ ಕೂರಬೇಕಾಗಿರಲಿಲ್ಲ. ಯಾಕೆ ಕೂತರು? ಈ ಪ್ರಶ್ನೆ ನಿಮ್ಮನ್ನು ಒಂದು ರಾತ್ರಿಯಾದರೂ ಕಾಡಬೇಕಿತ್ತು. ವೈರಿಗಳು ತತ್ತರಿಸಿದ್ದು ನಿಜ. ಆ ಎತ್ತರದಲ್ಲಿ ಟ್ಯಾಂಕ್ ಬರುತ್ತದೆಂದು ಅವರು ಎಣಿಸಿರಲಿಲ್ಲ, ಅದಕ್ಕೇ ತತ್ತರಿಸಿದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಗೆ ಬಂದವು.

ನಾನು ಈ ಕೆಲಸ ಕಲಿತದ್ದು ಮೈಸೂರಿನ ಒಂದು ವಾರಪತ್ರಿಕೆಯ ಅಚ್ಚುಕೂಟದಲ್ಲಿ. ಹಸ್ತಪ್ರತಿ ಒಳಗೆ ಕೊಡುವುದು, ಪ್ರೂಫ್ ಹೊರಗೆ ತರುವುದು ನನ್ನ ಕೆಲಸ. ಹಿರಿಯ ಕಂಪಾಸಿಟರ್ ಒಬ್ಬರು ಎಡಗೈಯಲ್ಲಿ ಅಕ್ಷರ ಜೋಡಿಸುವ ಸ್ಟಿಕ್ ಹಿಡಿದು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಬಲಗೈ ತಾನಾಗಿ ಪೆಟ್ಟಿಗೆಯ ಮನೆಮನೆಗೆ ಹೋಗಿ ಅಚ್ಚಿನ ಮೊಳೆ ಎತ್ತುವಂತೆ ಕೆಲಸ ಮಾಡುತ್ತಿದ್ದರು. ಹೊಗಳಿಕೆಯ ಸಾಲು ಬಂದರೆ ಆ ಕೈ ನಿಲ್ಲುತ್ತಿತ್ತು. “ಇದರಲ್ಲಿ ಯಾರು ಏನ್ ಮಾಡಿದ್ರು ಅಂತ ಕೇಳ್ಕೊಂಡು ಬಾ ಮಗಾ, ಆಮೇಲೆ ಜೋಡಿಸ್ತೀನಿ” ಎನ್ನುತ್ತಿದ್ದರು. ದೊಡ್ಡ ಲೇಖಕರ ಮುಂದೆ ನಿಂತು ಅದನ್ನು ಕೇಳಬೇಕಾದವನು ನಾನು. ಕೆಲವರು ರೇಗುತ್ತಿದ್ದರು, ಕೆಲವರು ಅಲ್ಲೇ ಕೂತು ತಿದ್ದಿಕೊಡುತ್ತಿದ್ದರು. ಇವತ್ತಿಗೂ ನನ್ನ ಮೇಜಿಗೆ ಬಂದ ಪ್ರತಿ ಸಾಲಿಗೂ ಆ ಪ್ರಶ್ನೆ ಹಾಕುತ್ತೇನೆ.

ಇನ್ನೊಂದು, ನನಗೆ ಇದೇ ಹೆಚ್ಚು ನೋವು ಕೊಟ್ಟದ್ದು. ‘ಕೆಲವು ಭಿನ್ನಾಭಿಪ್ರಾಯಗಳ ನಡುವೆಯೂ ಸೇವೆ ಮುಗಿಸಿ ನಿವೃತ್ತರಾದರು’ ಎಂದಿದ್ದೀರಿ. 1959ರ ಆಗಸ್ಟ್ 31ರಂದು ಆಗ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೇ ರಾಜೀನಾಮೆ ಕೊಟ್ಟರು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಸಾಧ್ಯವಾಗಿರಲಿಲ್ಲ. ನೆಹರೂ ಮನವೊಲಿಸಿದರು, ತಿಮ್ಮಯ್ಯ ಪತ್ರ ಹಿಂದಕ್ಕೆ ಪಡೆದರು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ ಆ ರಾಜೀನಾಮೆಯನ್ನೇ ಟೀಕಿಸಿದರು. ಜೋಜಿಲಾದಲ್ಲಿ ಹಿಂದಿರುಗಿ ನೋಡದ ಮನುಷ್ಯ ದೆಹಲಿಯಲ್ಲಿ ಹೆಜ್ಜೆ ಹಿಂದಿಟ್ಟದ್ದೇಕೆ? ಪ್ರಧಾನಿಯ ಮಾತಿಗೆ ಸೈನಿಕ ತಲೆಬಾಗಬೇಕೆಂಬ ನಂಬಿಕೆಯೋ, ನೆಹರೂ ಮೇಲಿನ ವಿಶ್ವಾಸವೋ? ನೀವೇ ಯೋಚಿಸಿ ಬರೆಯಿರಿ. ಅವರ ಮರ್ಯಾದೆ ಕಾಯಲು ಇದನ್ನು ಮರೆಮಾಚಬೇಡಿ. ಅವರಿಗೆ ಅದು ಬೇಕಿಲ್ಲ.

ಲೇಖನದ ಕೊರಿಯಾ, ಸೈಪ್ರಸ್ ಭಾಗಗಳ ಬಗ್ಗೆ ಈಗ ಮಾತಾಡುವುದಿಲ್ಲ. ಮಡಿಕೇರಿಯ ಅವರ ‘ಸನ್ನಿ ಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ, ಒಮ್ಮೆ ಹೋಗಿ ಬನ್ನಿ. ಮೊದಲ ಮೂರು ಪುಟ ಕಿತ್ತುಹಾಕಿ ಬಾಲ್ಟಾಲ್‌ನಿಂದಲೇ ಶುರುಮಾಡಿ ಕಳಿಸಿ, ನಾನೇ ಕೂತು ಓದುತ್ತೇನೆ.